ಸಾಗರದ ಹಳ್ಳಿ ಮನೆಗೆ ಹೈಬ್ರಿಡ್ ಕಾರು ಹೊಂದುತ್ತದಾ? ಘಟ್ಟ ಇಳಿಸಿದವರು ಹೇಳಿ

ಅಡಿಕೆಮನೆ

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯಲ್ಲಿರುವುದು 2014ರ ಸಣ್ಣ ಡೀಸೆಲ್ ಕಾರು. 2,18,000 ಕಿ.ಮೀ. ಓಡಿದೆ. ಎಂಜಿನ್ನಿಗೆ ಇನ್ನೂ ಎಂತದೂ ಆಗಿಲ್ಲ. ಆದರೆ ಹಿಂದಿನ ಎಡಬಾಗಿಲಿನ ರಬ್ಬರು ಸವೆದು ಹೋಗಿ ಮಳೆಗಾಲದಲ್ಲಿ ಕಾಲಡಿಗೆ ನೀರು ನಿಲ್ಲುತ್ತದೆ. ಹೋದ ಆಷಾಢದಲ್ಲಿ ಮ್ಯಾಟ್ ಎತ್ತಿದರೆ ಯಾವಾಗಲೋ ಚೆಲ್ಲಿದ್ದ ಹೆಸರುಕಾಳು ಮೊಳಕೆ ಒಡೆದಿತ್ತು. ನನ್ನ ಹೆಂಡತಿ ಅದನ್ನು ಫೋಟೋ ತೆಗೆದು ನೆಂಟರ ಗ್ರೂಪಿಗೆಲ್ಲ ಹಾಕಿದಳು. ಇನ್ನು ಬದಲಾಯಿಸದೆ ಉಪಾಯ ಇಲ್ಲ.

ಇಂಥದ್ದೇ ಇನ್ನೊಂದು ಡೀಸೆಲ್ ತಗೊಳ್ಳುವ ಅಂದರೆ ಸಣ್ಣ ಡೀಸೆಲ್ ಕಾರು ಅನ್ನುವುದೇ ಈಗ ಅಪರೂಪ. ಮಾರುತಿಯವರಂತೂ 2020ರಲ್ಲೇ ಡೀಸೆಲ್ ಕೈಬಿಟ್ಟರು. ಬಾವ ಇವಿ (ಬರೀ ಬ್ಯಾಟರಿಯಲ್ಲಿ ಓಡುವ ಕಾರು) ತಗೊ ಅಂತಾನೆ. ನಮ್ಮಲ್ಲಿ ಜೂನ್-ಜುಲೈ ಅಂದರೆ ಲೈನಿನ ಮೇಲೆ ಮರ ಬಿದ್ದು ಮೂರು ದಿನ ಕರೆಂಟಿಲ್ಲದೆ ಕೂರುವುದು ಮಾಮೂಲು. ಫೋನಿಗೇ ಚಾರ್ಜ್ ಇರುವುದಿಲ್ಲ, ಕಾರಿಗೆ ಎಲ್ಲಿಂದ ತರಲಿ?

ಹಾಗಾಗಿ ಪೆಟ್ರೋಲ್ ಎಂಜಿನ್ನೂ ಕರೆಂಟಿನ ಮೋಟರೂ ಎರಡೂ ಇರುವ ಹೈಬ್ರಿಡ್ ಕಡೆ ಮನಸ್ಸು ಹೋಗಿದೆ. ಐದಾರು ವರ್ಷದ ಹಿಂದೆ ಶಿವಮೊಗ್ಗ ರಸ್ತೆಯಲ್ಲಿ ಅಂಥ ಗಾಡಿ ಹುಡುಕಿದರೂ ಸಿಗುತ್ತಿರಲಿಲ್ಲ. 2022ರಲ್ಲಿ ಟೊಯೊಟಾ ಹೈರೈಡರ್, ಮಾರುತಿ ಗ್ರ್ಯಾಂಡ್ ವಿಟಾರ, ಅದರ ಬೆನ್ನಿಗೇ ಇನ್ನೋವಾ ಹೈಕ್ರಾಸ್ ಬಂದ ಮೇಲೆ ಈಗ ಆನಂದಪುರ ದಾಟುವಷ್ಟರಲ್ಲಿ ನಾಲ್ಕೈದು ಎದುರಾಗುತ್ತವೆ. ಮೂರೂ ನಮ್ಮ ಬಿಡದಿಯಲ್ಲೇ ತಯಾರಾಗುತ್ತವೆ ಅಂತ ಕೇಳಿ ಸ್ವಲ್ಪ ಅಭಿಮಾನವೂ ಆಯ್ತು ಅನ್ನಿ.

ನನ್ನ ಓಡಾಟ ಹೀಗೆ: ವಾರಕ್ಕೊಮ್ಮೆ ಶಿವಮೊಗ್ಗ (ಅಮ್ಮನ ಆಸ್ಪತ್ರೆ, ಅಡಿಕೆ ಮಂಡಿ, ಬ್ಯಾಂಕು), ಎರಡು ತಿಂಗಳಿಗೊಮ್ಮೆ ಬೆಂಗಳೂರು, ಮಗಳ ಮನೆಗೆ. ಹೆಬ್ರಿಯಲ್ಲಿ ತಂಗಿ ಇದ್ದಾಳೆ, ವರ್ಷಕ್ಕೆ ನಾಲ್ಕೈದು ಸಲ ಆಗುಂಬೆ ಘಾಟಿ ಇಳಿಯುತ್ತೇನೆ. ಎಲ್ಲ ಸೇರಿ ವರ್ಷಕ್ಕೆ 14 ಸಾವಿರ ಕಿ.ಮೀ.

ಹೈರೈಡರ್ ನೋಡಲು ಶೋರೂಮಿಗೆ ಹೋಗಿದ್ದೆ. ಹುಡುಗ ಚೆನ್ನಾಗಿ ಕಾಫಿ ಕೊಟ್ಟ. ಮೈಲೇಜ್ 27.97 ಅಂತ ನಾಲ್ಕು ಸಲ ಹೇಳಿದ, ಆ ಕೊನೆಯ ತೊಂಬತ್ತೇಳು ಪೈಸೆ ಸಹಿತ. ನಾನು ಒಂದೇ ಪ್ರಶ್ನೆ ಕೇಳಿದೆ: ಘಟ್ಟ ಇಳಿಯುವಾಗ ಬ್ಯಾಟರಿ ಚಾರ್ಜ್ ಆಗ್ತದೆ ಅಂತೀರಿ, ಸರಿ. ಅದು ತುಂಬಿಹೋದ ಮೇಲೆ? "ತುಂಬೋದೇ ಇಲ್ಲ ಸರ್" ಅಂದ. ತುಂಬದ ಪಾತ್ರೆ ನಾನು ಈವರೆಗೆ ಕಂಡಿಲ್ಲ ಮಾರಾಯ್ರೆ.

ಮಾಮೂಲಿ ಪೆಟ್ರೋಲ್ ಗಾಡಿಗಿಂತ ಆನ್‌ರೋಡ್ ಸುಮಾರು ಮೂರು ಲಕ್ಷ ಹೆಚ್ಚು ಬೀಳುತ್ತದೆ. ಆ ಮೂರು ಲಕ್ಷ ನನಗೆ ವಾಪಸ್ ಬರ್ತದಾ? ಬ್ಯಾಟರಿ ಎಷ್ಟು ವರ್ಷ ಬಾಳ್ತದೆ? ಹತ್ತು ವರ್ಷ ಬಿಟ್ಟು ಈ ಜಾತಿಯ ಗಾಡಿಯೇ ಇರ್ತದಾ, ಅಥವಾ ನಮ್ಮ ಡೀಸೆಲ್ಲಿನ ಹಾಗೆ ಒಂದು ದಿನ ನಿಲ್ಲಿಸಿಬಿಡ್ತಾರಾ? ಜಾಹೀರಾತು ನಾನೂ ಓದಿದ್ದೇನೆ, ಓಡಿಸಿದವರು ಹೇಳಿ.


ಹಳದಿಬೋರ್ಡ್

ನಮಸ್ಕಾರ ಸರ್. ನಾನು ಮಂಡ್ಯದವನು, ಬೆಂಗಳೂರಲ್ಲಿ ಗಾಡಿ ಓಡಿಸ್ತೀನಿ. ಮುಂಚೆ ಡೀಸೆಲ್ ಇನ್ನೋವಾ ಕ್ರಿಸ್ಟಾ ಇತ್ತು, ಈಗ ಎರಡು ವರ್ಷದಿಂದ ಹೈಕ್ರಾಸ್ ಹೈಬ್ರಿಡ್. ತಿಂಗಳಿಗೆ ಐದು ಸಾವಿರ ಕಿ.ಮೀ. ಗ್ಯಾರಂಟಿ. ನನ್ನ ಹತ್ರ ಒಂದು ನೂರು ಪೇಜಿನ ನೋಟ್‌ಬುಕ್ ಇದೆ. ಬಂಕಲ್ಲಿ ನಿಂತಾಗಲೆಲ್ಲ ಲೀಟರು, ಕಿಲೋಮೀಟರು ಬರೆದು ಪಕ್ಕದಲ್ಲಿ ಊರೊಳಗೆ ಓಡಿದ್ದಾದ್ರೆ "ಊ", ಹೈವೇ ಆದ್ರೆ "ಹೈ" ಅಂತ ಹಾಕ್ತೀನಿ. ಸ್ಕ್ರೀನ್ ಮೇಲೆ ಬರೋ ಮೈಲೇಜ್ ನಂಬಲ್ಲ ನಾನು, ಅದು ಯಾವಾಗ್ಲೂ ಒಂದು ಕೈ ಜಾಸ್ತಿನೇ ತೋರಿಸುತ್ತೆ.

ಲೆಕ್ಕ ಹೇಳ್ತೀನಿ. ಕಂಪನಿ ಲೆಕ್ಕ 23.24. ನನಗೆ ಊರೊಳಗೆ ಸಿಗೋದು 17. ಕ್ರಿಸ್ಟಾ ಅದೇ ರೋಡಲ್ಲಿ ಹತ್ತೂವರೆ ಕೊಡ್ತಿತ್ತು. ಪೆಟ್ರೋಲ್ 103 ಅಂತಿಟ್ಕೊಳಿ, ಕಿಲೋಮೀಟರಿಗೆ ಆರು ರೂಪಾಯಿ ಚಿಲ್ಲರೆ. ಡೀಸೆಲ್ 91 ಅಂತಿಟ್ಕೊಂಡ್ರೂ ಕ್ರಿಸ್ಟಾಗೆ ಎಂಟೂವರೆ ಮೇಲೆ ಬೀಳ್ತಿತ್ತು. ಎರಡೂವರೆ ರೂಪಾಯಿ ಉಳೀತು. ವರ್ಷಕ್ಕೆ ಅರವತ್ತು ಸಾವಿರ ಕಿ.ಮೀ. ಅಂದ್ರೆ ಒಂದೂವರೆ ಲಕ್ಷ.

ಈಗ "ಹೈ" ಲೆಕ್ಕ ಕೇಳಿ. ಆರು ಜನ, ಮೇಲೆ ಲಗೇಜು, ಫುಲ್ ಏಸಿ, ನೂರರ ಮೇಲೆ ಧರ್ಮಸ್ಥಳಕ್ಕೋ ಮಂತ್ರಾಲಯಕ್ಕೋ ಹೋದ್ರೆ ಹದಿನಾಲ್ಕೂವರೆ. ಕ್ರಿಸ್ಟಾ ಹದಿಮೂರು ಕೊಡ್ತಿತ್ತು. ಭಾಗಾಕಾರ ಮಾಡಿ ನೋಡಿ, ಎರಡಕ್ಕೂ ಕಿಲೋಮೀಟರಿಗೆ ಏಳು ರೂಪಾಯಿ. ಸಮಸಮ. ಹೈವೇನಲ್ಲಿ ಹೈಬ್ರಿಡ್ ಅನ್ನೋದು ಸುಮ್ನೆ ಒಂದು ಪೆಟ್ರೋಲ್ ಗಾಡಿ ಅಷ್ಟೆ.

ಯಾಕೆ ಅಂದ್ರೆ, ಹೆಬ್ಬಾಳ ಫ್ಲೈಓವರ್ ಕೆಳಗೆ ಬೆಳಗ್ಗೆ ಒಂಬತ್ತಕ್ಕೆ ನಿಂತು ನೋಡಿ. ಅಕ್ಕಪಕ್ಕದವರ ಎಂಜಿನ್ ಎಲ್ಲಾ ಗುರ್ ಅಂತಾ ಇರುತ್ತೆ, ನನ್ನದು ಆಫ್. ಇಪ್ಪತ್ತು ಅಡಿ ಮುಂದೆ ಹೋಗ್ಬೇಕಾ, ಕರೆಂಟಲ್ಲಿ ಹೋಗುತ್ತೆ. ಬ್ರೇಕ್ ಒತ್ತಿದ್ರೆ ಅದೇ ಕರೆಂಟು ಒಂದಿಷ್ಟು ವಾಪಸ್ ಬರುತ್ತೆ. ನಿಂತು ನಿಂತು ಹೋಗೋ ರೋಡಲ್ಲೇ ಇದರ ಸಂಪಾದನೆ. ಬ್ರೇಕೇ ಹಿಡೀದೆ ನೂರರಲ್ಲಿ ಹೋಗ್ತಾ ಇದ್ರೆ ವಾಪಸ್ ಬರೋಕೆ ಏನಿದೆ ಹೇಳಿ? ನನಗೆ ಟ್ರಾಫಿಕ್ ಜಾಮ್ ಅಂದ್ರೆ ಈಗ ಬೇಜಾರೇ ಆಗಲ್ಲ, ಹಿಂದೆ ಕೂತ ಸಾಹೇಬ್ರಿಗೆ ಆಗುತ್ತೆ ಅಷ್ಟೆ.

ನಿಮ್ಮ ಓಡಾಟ ಓದಿದೆ. ಸಾಗರ-ಶಿವಮೊಗ್ಗದ ಮಧ್ಯೆ ಸಿಗ್ನಲ್ ಎಷ್ಟಿದೆ ಸರ್? ನಿಮ್ಮದು ಮುಕ್ಕಾಲು ಭಾಗ "ಹೈ". ಹೈರೈಡರ್ ಹೈಬ್ರಿಡ್ ನಿಮ್ಮ ರೋಡಲ್ಲಿ ಇಪ್ಪತ್ತೂವರೆ ಕೊಟ್ರೆ ಅದರ ಮಾಮೂಲಿ ಪೆಟ್ರೋಲ್ ಗೇರಿನ ಗಾಡಿ ಹದಿನಾರು ಕೊಡುತ್ತೆ. ಕಿಲೋಮೀಟರಿಗೆ ಒಂದು ರೂಪಾಯಿ ನಲವತ್ತು ಪೈಸೆ ಉಳಿತಾಯ. ಹದಿನಾಲ್ಕು ಸಾವಿರ ಇಂಟು ಒಂದು ನಲವತ್ತು, ವರ್ಷಕ್ಕೆ ಇಪ್ಪತ್ತು ಸಾವಿರಾನೂ ಇಲ್ಲ. ಮೂರು ಲಕ್ಷ ವಾಪಸ್ ಬರೋಕೆ ಹದಿನೈದು ವರ್ಷ. ತಪ್ಪು ತಿಳೀಬೇಡಿ.


ಸ್ಪ್ಯಾನರ್_ಹುಬ್ಬಳ್ಳಿ

ನಮಸ್ಕಾರ್ರಿ. ನಾ ಹುಬ್ಬಳ್ಳಿಯಾಗ ಗ್ಯಾರೇಜ್ ಇಟ್ಟು 22 ವರ್ಷ ಆತು. ಮೇಲಿನವ್ರು ರೊಕ್ಕದ ಲೆಕ್ಕ ಹೇಳ್ಯಾರ, ನಾ ಒಳಗಿಂದು ಹೇಳ್ತೀನಿ.

ಶೋರೂಮ್ ಹುಡುಗ ಹೇಳಿದ್ದು ಖೊಟ್ಟಿ ಐತ್ರಿ. ಬ್ಯಾಟರಿ ತುಂಬತೈತಿ, ಲಗೂನ ತುಂಬತೈತಿ. ಹೈರೈಡರ್, ಗ್ರ್ಯಾಂಡ್ ವಿಟಾರಾದಾಗ ಇರೂ ಬ್ಯಾಟರಿ 0.76 ಯೂನಿಟ್. ನಿಮ್ಮ ಮನಿ ಮೀಟರಿನ್ಯಾಗ ಒಂದು ಯೂನಿಟ್ ತಿರಗತೈತಲ್ಲ, ಅಷ್ಟೂ ಇಲ್ಲ. ಇವಿ ಒಳಗ ಮೂವತ್ತು, ನಲವತ್ತು ಯೂನಿಟ್ ಇರ್ತೈತಿ. ಅದೂ ಈ ಸಣ್ಣ ಬ್ಯಾಟರಿ ಪೂರ್ತಿ ಖಾಲಿ ಆಗಾಕೂ ಬಿಡಂಗಿಲ್ಲ, ಪೂರ್ತಿ ತುಂಬಾಕೂ ಬಿಡಂಗಿಲ್ಲ, ನಡುವಿನ ಪಟ್ಟಿಯೊಳಗ ಆಡಸ್ತೈತಿ. ಹಂಗ ಮಾಡೋದಕ್ಕ ವರ್ಷಾನುಗಟ್ಟಲೆ ಬಾಳತೈತಿ. 1,300 ಕಿಲೋದ ಗಾಡಿ ನೂರು ಮೀಟರ್ ಕೆಳಗ ಇಳಿದ್ರ ಮೂರನೇ ಒಂದು ಯೂನಿಟ್ ಆಗೂವಷ್ಟು ಶಕ್ತಿ ಬಿಡತೈತಿ. ಬಳಸಾಕ ಬರೂ ಜಾಗಾನ ಅಷ್ಟು. ಅಂದ್ರ ಘಾಟಿನ್ಯಾಗ ನಾಕೈದು ತಿರುವಿಗೆ ಕೊಡ ತುಂಬಿತು.

ತುಂಬಿದ ಮ್ಯಾಲೆ ಏನಂದ್ರ, ಗಾಡಿ ಎಂಜಿನ್ನನ್ನ ಪೆಟ್ರೋಲ್ ಇಲ್ಲದಂಗ ಸುಮ್ನ ತಿರಗಸ್ತೈತಿ. ಹೆಚ್ಚಾದ ಶಕ್ತಿ ಅಲ್ಲಿ ಕರಗತೈತಿ. ಒಮ್ಮಿಂದೊಮ್ಮೆ ಗುಂಯ್ ಅಂತ ಸಪ್ಪಳ ಬಂದ್ರ ಗಾಬರಿ ಆಗಬ್ಯಾಡ್ರಿ. ಗೇರ್ ಲಿವರಿನ್ಯಾಗ "ಬಿ" ಅಂತ ಒಂದು ಐತಿ, ಇಳಿಜಾರಿನ್ಯಾಗ ಮೊದಲ ಅದಕ್ಕ ಹಾಕ್ರಿ. ಭಾಳ ಮಂದಿ ಬಿ ಅಂದ್ರ ಬ್ಯಾಟರಿ ಅಂತ ತಿಳಕೊಂಡಾರ. ಅಲ್ರಿ, ಬ್ರೇಕ್.

ಇನ್ನ ರಿಪೇರಿ. ಟೊಯೊಟಾ ಪದ್ಧತಿಯ ಹೈಬ್ರಿಡ್ಡಿಗೆ ಕ್ಲಚ್ ಪ್ಲೇಟ್ ಇಲ್ಲ, ಸ್ಟಾರ್ಟರ್ ಮೋಟರ್ ಇಲ್ಲ, ಆಲ್ಟರ್ನೇಟರ್ ಇಲ್ಲ. ಗೇರ್‌ಬಾಕ್ಸ್ ಅಂತ ಹೇಳೂದು ಒಂದು ಗ್ರಹಗೇರು: ನಡುವ ಸೂರ್ಯ, ಸುತ್ತ ಗ್ರಹ, ಹೊರಗ ಬಳಿ. ಎಂಜಿನ್ ಗ್ರಹಕ್ಕ, ಒಂದು ಮೋಟರ್ ಸೂರ್ಯಗ, ದೊಡ್ಡ ಮೋಟರ್ ಗಾಲಿ ಕಡಿ. ಮೂರೂ ಮಂದಿ ಜಗ್ಗಾಡಿಕೋತ ಹೋಗ್ತಾರ, ಹಲ್ಲು ಬಿಟ್ಟು ಹಲ್ಲಿಗೆ ಜಿಗಿಯೂದಿಲ್ಲ. ಹಿಂಗಾಗಿ ಕೆಡೂದು ಕಡಿಮಿ. ನಮ್ಮಂಥ ಗ್ಯಾರೇಜಿನವ್ರಿಗೆ ಇದು ಸಂತೋಷದ ಸುದ್ದಿ ಅಲ್ಲ ಅನ್ನೂದು ಬ್ಯಾರೆ ಮಾತು.

ಕೆಡೂದು ಯಾವುದು ಅಂದ್ರ, ಒಂದು ಕಥಿ ಹೇಳ್ತೀನಿ. ಹೋದ ವರ್ಷ ಒಬ್ರು ಅರಳಿ (ಹತ್ತಿ) ವ್ಯಾಪಾರಿ ಬಂದ್ರು, ಹಳೇ ಹೈಬ್ರಿಡ್ ಸೆಡಾನ್. ಡ್ಯಾಶ್‌ಬೋರ್ಡ್ ಮ್ಯಾಲೆ ಕೆಂಪು ತ್ರಿಕೋನ. ಬ್ಯಾರೆ ಒಂದು ವರ್ಕ್‌ಶಾಪಿನ್ಯಾಗ ಬ್ಯಾಟರಿನ ಬದಲಿ ಮಾಡಬೇಕು, ಲಕ್ಷದ ಮ್ಯಾಲೆ ಆಗ್ತೈತಿ ಅಂತ ಬರದು ಕೊಟ್ಟಿದ್ರು. ನಾ ಹಿಂದಿನ ಸೀಟಿನ ಬಾಜೂಕ ಇರೂ ಜಾಳಿಗಿ ಬಿಚ್ಚಿದೆ. ಬ್ಯಾಟರಿ ಉಸಿರಾಡೂ ಮೂಗು ಅದು, ಒಳಗ ಸಣ್ಣ ಫ್ಯಾನ್ ಇರ್ತೈತಿ. ಬಿಚ್ಚಿದ್ರ ಏನೈತಿ, ಗಾದಿ ತುಂಬೂವಷ್ಟು ಅರಳಿ! ಹಿಂದಿನ ಸೀಟಿನ ಮ್ಯಾಲೆ ಸ್ಯಾಂಪಲ್ ಚೀಲ ಇಟ್ಟು ಮೂರು ವರ್ಷ ತಿರುಗಾಡ್ಯಾರ. ಬ್ಯಾಟರಿ ಉಸಿರು ಕಟ್ಟಿ ಕಾಯ್ದಿತ್ತು. ಫ್ಯಾನ್ ಬಿಚ್ಚಿ ಸ್ವಚ್ಛ ಮಾಡಿ ಕೊಟ್ಟೆ, ಆರುನೂರು ರೂಪಾಯಿ ತಗೊಂಡೆ. ಇವತ್ತಿಗೂ ಓಡಾಕತ್ತೈತಿ. ನಿಮ್ಮ ಕಡೆ ಅಡಿಕಿ ಸಿಪ್ಪಿ ಧೂಳ ಇರ್ತೈತಿ, ನೆನಪಿಟ್ಟುಕೋರಿ. ಈ ಜಾಳಿಗಿ ಒಂದೊಂದು ಮಾಡೆಲ್ಲಿಗೆ ಒಂದೊಂದು ಕಡೆ ಇರ್ತೈತಿ, ಎಲ್ಲೈತಿ ಅಂತ ಗಾಡಿ ತಗೊಳ್ಳೂ ದಿನಾನ ಕೇಳಿಕೊಳ್ರಿ.

ಇನ್ನೊಂದು, ಸಣ್ಣ 12 ವೋಲ್ಟ್ ಬ್ಯಾಟರಿ. ದೊಡ್ಡ ಬ್ಯಾಟರಿ ತುಂಬಿದ್ರೂ ಈ ಸಣ್ಣದು ಸತ್ತರ ಗಾಡಿ "ರೆಡಿ" ಅನ್ನಂಗಿಲ್ಲ. ಮೂರು ವಾರ ಮಳ್ಯಾಗ ನಿಲ್ಲಿಸಿ ಇಡಬ್ಯಾಡ್ರಿ. ಮತ್ತ ಇಲಿ! ಕಿತ್ತಳಿ ಬಣ್ಣದ ವೈರ್ ಎಲ್ಲಾ ಹೈವೋಲ್ಟೇಜ್, ಅದನ್ನ ಇಲಿ ಕಡಿದ್ರ ನೀವಾಗಿ ಕೈ ಹಾಕಬ್ಯಾಡ್ರಿ. ನಾವೂ ರಬ್ಬರ್ ಕೈಗವಸು ಹಾಕಿ, ಸರ್ವೀಸ್ ಪ್ಲಗ್ ಕಿತ್ತು, ಹತ್ತು ನಿಮಿಷ ಕುಂತು ಚಹಾ ಕುಡದ ಮ್ಯಾಲೆನ ಮುಟ್ಟೂದು. ಬ್ರೇಕ್ ಪ್ಯಾಡ್ ಭಾಳ ದಿನ ಬರ್ತಾವ, ಆದ್ರ ಮಲೆನಾಡ ಮಳ್ಯಾಗ ಡಿಸ್ಕ್ ತುಕ್ಕು ಹಿಡೀತೈತಿ, ಯಾಕಂದ್ರ ಅರ್ಧಾ ಬ್ರೇಕು ಮೋಟರನ ಹಿಡೀತೈತಿ.


ಪ್ಲಗ್‌ಪಾಯಿಂಟ್, ಮೈಸೂರು

ಎಲ್ಲರೂ ಹೈಬ್ರಿಡ್ ಪುರಾಣ ಹೇಳುತ್ತಿದ್ದೀರಿ, ಒಬ್ಬನಾದರೂ ಎದುರು ಪಕ್ಷದಲ್ಲಿ ಇರಲಿ. ನನ್ನದು ಇವಿ, ಮೂರು ವರ್ಷ, 41 ಸಾವಿರ ಕಿ.ಮೀ. ಮನೆಯಲ್ಲೇ ಚಾರ್ಜ್. ಯೂನಿಟ್ಟಿಗೆ ಆರೇಳು ಕಿ.ಮೀ. ಬರುತ್ತದೆ, ಕಿಲೋಮೀಟರಿಗೆ ಹೆಚ್ಚುಕಡಿಮೆ ಒಂದು ರೂಪಾಯಿ. ಹಳದಿಬೋರ್ಡ್ ಅಣ್ಣನ ಆರು ರೂಪಾಯಿಯ ಪಕ್ಕ ಇಟ್ಟು ನೋಡಿ.

ಹೈಬ್ರಿಡ್ ಅಂದರೆ ಎರಡು ದೋಣಿಯಲ್ಲಿ ಕಾಲಿಟ್ಟ ಹಾಗೆ. ಸರ್ಕಾರಕ್ಕೂ ಅದನ್ನು ಏನು ಮಾಡಬೇಕೆಂದು ಈವರೆಗೆ ಗೊತ್ತಾಗಿಲ್ಲ. 2015ರಲ್ಲಿ ಕರೆಂಟಿನ ಗಾಡಿ, ಹೈಬ್ರಿಡ್ಡುಗಳಿಗೆ ಪ್ರೋತ್ಸಾಹ ಕೊಡುವ ಕೇಂದ್ರದ ಫೇಮ್ ಯೋಜನೆ ಬಂದಾಗ ಮೈಲ್ಡ್ ಹೈಬ್ರಿಡ್ಡಿಗೂ ಸಬ್ಸಿಡಿ ಕೊಟ್ಟರು. ನಾನೂ 2016ರಲ್ಲಿ ಅಂಥದ್ದೊಂದು ಡೀಸೆಲ್ ಸೆಡಾನ್ ಕೊಂಡೆ. ಬೆನ್ನ ಮೇಲೆ ಹೈಬ್ರಿಡ್ ಅಂತ ಬರೆದಿತ್ತು, ಕರೆಂಟಿನಲ್ಲಿ ಒಂದಡಿಯೂ ಓಡಲಿಲ್ಲ. ಸಿಗ್ನಲ್ಲಿನಲ್ಲಿ ಎಂಜಿನ್ ಆರಿಸಿ ಹಚ್ಚುವುದೇ ಅದರ ಹೈಬ್ರಿಡ್ಡು. 2017ರ ಏಪ್ರಿಲ್‌ನಲ್ಲಿ ಆ ಸಬ್ಸಿಡಿ ನಿಂತಿತು. ಅದೇ ವರ್ಷ ಜಿಎಸ್‌ಟಿ ಬಂದು ದೊಡ್ಡ ಹೈಬ್ರಿಡ್‌ಗಳಿಗೆ ಸೆಸ್ ಸೇರಿ ಶೇ 43 ತೆರಿಗೆ. 2025ರ ಸೆಪ್ಟೆಂಬರ್ 22ರಿಂದ ಅದು ಶೇ 40 ಆಗಿದೆ. ಇವಿಗೆ ಶೇ 5. ಉತ್ತರ ಪ್ರದೇಶದವರು 2024ರ ಜುಲೈನಲ್ಲಿ ಸ್ಟ್ರಾಂಗ್ ಹೈಬ್ರಿಡ್ಡಿನ (ಕರೆಂಟಿನಲ್ಲೂ ಓಡುವಂಥದ್ದು) ನೋಂದಣಿ ತೆರಿಗೆ ಮನ್ನಾ ಮಾಡಿದರು. ಅವು ತಯಾರಾಗುವುದು ನಮ್ಮ ರಾಮನಗರದ ಪಕ್ಕದಲ್ಲಿ, ರಿಯಾಯಿತಿ ಸಿಕ್ಕಿದ್ದು ಲಖನೌದವರಿಗೆ!

ಅಡಿಕೆಮನೆಯವರೇ, ಮೂರು ದಿನ ಕರೆಂಟ್ ಇರುವುದಿಲ್ಲ ಎಂಬುದಕ್ಕೆ ಮಾತ್ರ ನನ್ನ ಹತ್ತಿರ ಉತ್ತರವಿಲ್ಲ. ಮೈಸೂರಿನಲ್ಲಿ ಕೂತು ಅದಕ್ಕೆ ಉತ್ತರ ಹೇಳುವುದು ಸರಿಯೂ ಅಲ್ಲ.


ಸನಿವೇಲ್_ಶೆಟ್ರು

ನಾನು ಕುಂದಾಪುರ ಕಡೆಯವ, ಕ್ಯಾಲಿಫೋರ್ನಿಯಾದಲ್ಲಿ ಹದಿನೆಂಟು ವರ್ಷ. ಬ್ಯಾಟರಿ ಎಷ್ಟು ವರ್ಷ ಅಂತ ಕೇಳಿದ್ದೀರಿ, ಅದಕ್ಕೆ ನನ್ನ ಹತ್ತಿರ ಉತ್ತರ ಇದೆ.

ಟೊಯೊಟಾದ ಹೈಬ್ರಿಡ್ ಕಾರು ಪ್ರಿಯಸ್ ಜಪಾನಿನಲ್ಲಿ ಬಂದದ್ದು 1997ರ ಡಿಸೆಂಬರ್‌ನಲ್ಲಿ. ನೀವು ಹೊಸದು ಅಂತ ನೋಡುತ್ತಿರುವ ತಂತ್ರಕ್ಕೆ ಕಾಲು ಶತಮಾನ ದಾಟಿತು. ನಾನು 2006ರ ಪ್ರಿಯಸ್ಸನ್ನು 2011ರ ಆರಂಭದಲ್ಲಿ ಸೆಕೆಂಡ್ ಹ್ಯಾಂಡ್ ಕೊಂಡೆ, ಮುಖ್ಯವಾಗಿ ಒಂದು ಹಳದಿ ಸ್ಟಿಕ್ಕರಿನ ಆಸೆಗೆ. ಆ ಸ್ಟಿಕ್ಕರ್ ಇದ್ದರೆ ಒಬ್ಬನೇ ಇದ್ದರೂ, ಹೆಚ್ಚು ಜನ ಕೂತ ಗಾಡಿಗೆಂದೇ ಇಟ್ಟ ಕಾರ್‌ಪೂಲ್ ಲೇನಿನಲ್ಲಿ ಹೋಗಬಹುದಿತ್ತು. ರಾಜ್ಯಕ್ಕೆಲ್ಲ ಕೊಟ್ಟದ್ದು 85,000 ಸ್ಟಿಕ್ಕರ್. ನನಗೆ ಮಾರಿದವ ಅದಕ್ಕೆ ಅಂತಲೇ ಹೆಚ್ಚು ಡಾಲರ್ ಇಸಕೊಂಡ. 2011ರ ಜುಲೈ 1ಕ್ಕೆ ಆ ಸವಲತ್ತು ಮುಗಿಯಿತು. ನಾಲ್ಕು ತಿಂಗಳ ರಾಜಯೋಗ! ಸವಲತ್ತು ನೋಡಿ ಗಾಡಿ ತಗೊಳ್ಳಬೇಡಿ ಅಂತ ಅವತ್ತೇ ಕಿವಿ ಹಿಂಡಿಕೊಂಡೆ.

ಗಾಡಿ ಮಾತ್ರ ಎತ್ತಿನ ಹಾಗೆ ದುಡಿಯಿತು. ಬ್ಯಾಟರಿ ಸೋತದ್ದು 2022ರಲ್ಲಿ, 16 ವರ್ಷಕ್ಕೆ, 1,85,000 ಮೈಲಿಗೆ. ಕಿ.ಮೀ. ಲೆಕ್ಕದಲ್ಲಿ ಮೂರು ಲಕ್ಷದ ಹತ್ತಿರ. ಅದರೊಳಗೆ 28 ತುಂಡು ಇರುತ್ತವೆ, ಸಾಲಾಗಿ ಜೋಡಿಸಿದ ಪುಸ್ತಕದ ಹಾಗೆ. ಒಂದು ಬಡವಾದರೆ ಇಡೀ ಸಾಲು ಸೋಲುತ್ತದೆ. ಕೆಲವರು ಆ ಒಂದನ್ನೇ ಬದಲಾಯಿಸುತ್ತಾರೆ. ಆರು ತಿಂಗಳಿಗೆ ಪಕ್ಕದ್ದು ಕೈಕೊಡುತ್ತದೆ, ಹಲ್ಲಿನ ಡಾಕ್ಟರ ಹತ್ತಿರ ಹೋದ ಕಥೆ. ನಾನು ಪೂರ್ತಿ ಹಾಕಿಸಿದೆ, 1,900 ಡಾಲರ್. ನಿಮ್ಮಲ್ಲಿ ಕಂಪನಿ ವಾರಂಟಿಯೇ 8 ವರ್ಷ ಅಥವಾ 1,60,000 ಕಿ.ಮೀ. ಇದೆಯಲ್ಲ, ವರ್ಷಕ್ಕೆ 14 ಸಾವಿರ ಓಡಿಸುವವರಿಗೆ ಎಂಟು ವರ್ಷ ನಿದ್ದೆ ಬರುತ್ತದೆ.

ಬ್ಯಾಟರಿಗಿಂತ ದೊಡ್ಡ ಪೆಟ್ಟು ಕಳ್ಳರದ್ದು. 2021ರ ಒಂದು ಬೆಳಿಗ್ಗೆ ಗಾಡಿ ಚಾಲೂ ಮಾಡಿದರೆ ಟ್ರಾಕ್ಟರಿನ ಸದ್ದು. ರಾತ್ರಿ ಯಾರೋ ಅಡಿಗೆ ಹೊಕ್ಕು ಕ್ಯಾಟಲಿಟಿಕ್ ಕನ್ವರ್ಟರ್ (ಹೊಗೆ ಶುದ್ಧ ಮಾಡುವ ಭಾಗ) ಕೊಯ್ದು ಒಯ್ದಿದ್ದರು. ಅದರೊಳಗೆ ಪಲ್ಲೇಡಿಯಂ, ರೋಡಿಯಂ ಇರುತ್ತದೆ. ಹೈಬ್ರಿಡ್ಡಿನಲ್ಲಿ ಎಂಜಿನ್ ಅರ್ಧ ಹೊತ್ತು ಮಲಗಿರುವುದರಿಂದ ಅದು ಕಡಿಮೆ ಸವೆದಿರುತ್ತದೆ, ಕಳ್ಳರಿಗೆ ಅದೇ ಇಷ್ಟ. ಸಾಗರದಲ್ಲಿ ಆ ಭಯ ಇಲ್ಲವೆಂದು ಕಾಣುತ್ತದೆ.

ಮುಂದೆ ಇರುತ್ತದಾ ಎಂದಿರಿ. ಇಲ್ಲಿ ಟೊಯೊಟಾದ 2021ರ ಸಿಯೆನಾ ವ್ಯಾನ್ ಬಂದದ್ದೇ ಬರೀ ಹೈಬ್ರಿಡ್ ಆಗಿ. 2025ರ ಕ್ಯಾಮ್ರಿಯೂ ಹಾಗೇ, ಬೇರೆ ಎಂಜಿನ್ ಕೇಳಿದರೆ ಇಲ್ಲ. ನಾವು ಬಂದ ಹೊಸದರಲ್ಲಿ ಪ್ರಿಯಸ್ ಅಂದರೆ ವಿಚಿತ್ರ ಪ್ರಾಣಿ. ಈಗ ಹೈಬ್ರಿಡ್ ಅಂತ ಬಾಯಿಬಿಟ್ಟು ಹೇಳುವುದೂ ಇಲ್ಲ, ಏಸಿ ಇದೆ ಅಂತ ಯಾರಾದರೂ ಹೇಳುತ್ತಾರೆಯೇ?


ಅಡಿಕೆಮನೆ

ಎಲ್ಲರಿಗೂ ಧನ್ಯವಾದ. ಹಳದಿಬೋರ್ಡ್ ಅವರ ಹದಿನೈದು ವರ್ಷ ಓದಿದ ರಾತ್ರಿ ಮಲಗಲಿಲ್ಲ. ನನಗೀಗ 58, ಲೆಕ್ಕ ಹಾಕಿಕೊಳ್ಳಿ. ತೀರ್ಥಹಳ್ಳಿಯಲ್ಲಿ ಪರಿಚಯದವರೊಬ್ಬರ ಹತ್ತಿರ ಹೈರೈಡರ್ ಹೈಬ್ರಿಡ್ ಇದೆ. ಭಾನುವಾರ ಕೊಡುತ್ತೇನೆ ಅಂದಿದ್ದಾರೆ. ಅಮ್ಮನನ್ನು ಕೂರಿಸಿಕೊಂಡು ಘಾಟಿ ಇಳಿಸಿ, ತಂಗಿ ಮನೆಯಲ್ಲಿ ಊಟ ಮಾಡಿ, ಬಂದು ಬರೆಯುತ್ತೇನೆ.


ಹಳದಿಬೋರ್ಡ್

ಹೋಗ್ಬನ್ನಿ ಸರ್. ಒಂದು ಕೆಲಸ ಮಾಡಿ, ಡಿಕ್ಕಿ ತೆಗೆದು ನೋಡಿ. ಹೈರೈಡರ್ ಹೈಬ್ರಿಡ್ಡಲ್ಲಿ ಬ್ಯಾಟರಿ ಅಲ್ಲೇ ಕೂತಿರೋದು. ಪೆಟ್ರೋಲ್ ಗಾಡಿಗಿರೋ ಜಾಗ ಇದಕ್ಕಿಲ್ಲ. ಶೋರೂಮಲ್ಲಿ ಡಿಕ್ಕಿ ಯಾರೂ ತೆಗೆದು ತೋರ್ಸಲ್ಲ.


ಅಡಿಕೆಮನೆ

ಹೋಗಿ ಬಂದೆ. ಕಂಡದ್ದನ್ನು ಕಂಡ ಹಾಗೆ ಬರೆಯುತ್ತೇನೆ.

ತೀರ್ಥಹಳ್ಳಿ ಪೇಟೆ ದಾಟುವವರೆಗೆ ಗಾಡಿ ಚಾಲೂ ಆಗಿದೆ ಅಂತಲೇ ಅಮ್ಮ ನಂಬಲಿಲ್ಲ. "ತಳ್ತಾ ಇದ್ದಾರನಾ ಹಿಂದಿಂದ?" ಅಂದಳು. ಆಗುಂಬೆಯಲ್ಲಿ ಎಂದಿನಂತೆ ಮೋಡ ರಸ್ತೆಗೇ ಇಳಿದಿತ್ತು. ಸೂರ್ಯಾಸ್ತ ನೋಡುವ ಜಾಗದ ಹತ್ತಿರ ನಿಲ್ಲಿಸಿ ಸ್ಕ್ರೀನ್ ನೋಡಿದೆ, ಬ್ಯಾಟರಿಯಲ್ಲಿ ಅರ್ಧಕ್ಕಿಂತ ಕಡಿಮೆ ಗೆರೆ. ಹುಬ್ಬಳ್ಳಿಯವರು ಹೇಳಿದಂತೆ "ಬಿ"ಗೆ ಹಾಕಿ ಇಳಿಸಿದೆ. ಮೊದಲ ತಿರುವು, ಎರಡನೇ ತಿರುವು, ಒಂದು ಚೂರು ಸದ್ದಿಲ್ಲ, ಟೈರು ನೀರು ಸೀಳುವುದು ಮಾತ್ರ ಕೇಳುತ್ತಿತ್ತು. ಗೆರೆ ಏರುತ್ತಾ ಬಂತು. ಹದಿನಾಲ್ಕು ತಿರುವಿನಲ್ಲಿ ಐದನೆಯದರಲ್ಲಿ ಗೆರೆ ತುಂಬಿತು. ತುಂಬಿದ್ದೇ ತಡ, ಮುಂದೆ ಯಾರೋ ಮಿಕ್ಸಿ ಹಾಕಿದ ಹಾಗೆ ಗುಂಯ್ ಅಂತ ಶುರು. ಕಾಲು ಆಕ್ಸಿಲರೇಟರ್ ಮೇಲೆ ಇಲ್ಲವೇ ಇಲ್ಲ, ಎಂಜಿನ್ ಮಾತ್ರ ಕೂಗುತ್ತದೆ. ಮೊದಲೇ ಗೊತ್ತಿಲ್ಲದಿದ್ದರೆ ಖಂಡಿತ ನಿಲ್ಲಿಸಿ ಬಾನೆಟ್ ಎತ್ತುತ್ತಿದ್ದೆ, ಮಂಗಗಳ ಮಧ್ಯೆ. ಹಿಡಿತ ಮಾತ್ರ ಬಿಡಲಿಲ್ಲ. ಸೋಮೇಶ್ವರದವರೆಗೆ ಬ್ರೇಕ್ ಬಿಸಿಯಾದ ವಾಸನೆ ಬರಲಿಲ್ಲ. ನನ್ನ ಡೀಸೆಲ್ಲಿನಲ್ಲಿ ಎರಡನೇ ಗೇರಿಗೆ ಹಾಕಿದರೂ ಒಂಬತ್ತನೇ ತಿರುವಿಗೆ ಆ ವಾಸನೆ ಬಂದೇ ಬರುತ್ತದೆ.

ಹೆಬ್ರಿ ದಾರಿಯ ಸಮತಟ್ಟಿನಲ್ಲಿ ತುಂಬಿಸಿಕೊಂಡದ್ದು ಸ್ವಲ್ಪ ಹೊತ್ತಿನಲ್ಲೇ ಖರ್ಚಾಯಿತು. ವಾಪಸ್ ಘಾಟಿ ಹತ್ತುವಾಗ ಎಂಜಿನ್ ಮೇಲಿನವರೆಗೆ ಒಂದೇ ಸಮ ಕೂಗಿತು. ಮೂರು ಸಿಲಿಂಡರಿನ ಕೂಗು, ಅಷ್ಟೇನೂ ಇಂಪಾಗಿಲ್ಲ. ದಿನದ ಮೈಲೇಜ್ ಸ್ಕ್ರೀನಿನಲ್ಲಿ 21.3 ತೋರಿಸಿತು, ಹಳದಿಬೋರ್ಡ್ ಅವರ ಪ್ರಕಾರ ಒಂದು ಕೈ ಕಳೆಯಬೇಕು.

ಡಿಕ್ಕಿ ತೆಗೆದು ನೋಡಿದೆ. ತಂಗಿ ಕೊಟ್ಟ ಎರಡು ಹಲಸಿನ ಹಣ್ಣಿಟ್ಟು, ತೆಂಗಿನಕಾಯಿ ಚೀಲ ಇಡಲು ಹೋದರೆ ಬಾಗಿಲು ಹಾಕಲು ಬರಲಿಲ್ಲ. ಚೀಲ ಹಿಂದಿನ ಸೀಟಿಗೆ ಬಂತು, ಅಮ್ಮ ಅದಕ್ಕೆ ಒರಗಿ ನಿದ್ದೆ ಮಾಡಿದಳು. ಜಾಳಿಗೆಗೆ ಚೀಲ ಅಡ್ಡ ಬಂದಿದೆಯಾ ಅಂತ ಎರಡು ಸಲ ಇಳಿದು ನೋಡಿದ್ದು ಸ್ಪ್ಯಾನರ್ ಅವರ ಅರಳಿ ಕಥೆಯ ಪ್ರಭಾವ.

ರಾತ್ರಿ ಬೆಂಗಳೂರಿಗೆ ಫೋನ್ ಮಾಡಿ ಮಗಳಿಗೆ ಇದೆಲ್ಲ ಹೇಳಿದೆ. ಅವಳು ಜಯನಗರದಿಂದ ವೈಟ್‌ಫೀಲ್ಡಿಗೆ ದಿನಾ ಹೋಗಿ ಬರುವವಳು. ಹತ್ತಿರ ಹತ್ತಿರ 50 ಕಿ.ಮೀ., ಮೂರು ತಾಸು. ಈಗಿನ ಪೆಟ್ರೋಲ್ ಆಟೋಮ್ಯಾಟಿಕ್ 12 ಕೊಡುತ್ತದಂತೆ. ನಾವಿಬ್ಬರೂ ಫೋನಿನಲ್ಲೇ ಲೆಕ್ಕ ಹಾಕಿದೆವು. ಅವಳ ರಸ್ತೆಯಲ್ಲಿ ಹೈಬ್ರಿಡ್ 22 ಕೊಟ್ಟರೂ ವರ್ಷಕ್ಕೆ 58 ಸಾವಿರ ಉಳಿಯುತ್ತದೆ, ಐದು ವರ್ಷಕ್ಕೆ ಮೂರು ಲಕ್ಷ ವಾಪಸ್. ಇಪ್ಪತ್ತು ಅಡಿ ಮುಂದೆ ಹೋಗಿ ನಿಲ್ಲುವುದೇ ಅವಳ ದಿನಚರಿ.

ಹಾಗಾಗಿ ಹೈಬ್ರಿಡ್ ಬುಕ್ ಆಗುವುದು ಬೆಂಗಳೂರಿನಲ್ಲಿ, ಅವಳ ಹೆಸರಿಗೆ, ಅರ್ಧ ದುಡ್ಡು ನನ್ನದು. ಅವಳ ನಾಲ್ಕು ವರ್ಷದ ಪೆಟ್ರೋಲ್ ಗಾಡಿ ಮುಂದಿನ ತಿಂಗಳು ಸಾಗರಕ್ಕೆ ಬರುತ್ತದೆ. ವಿಡಿಯೋ ಕಾಲ್ ಮಾಡಿಸಿ ನಾಲ್ಕೂ ಬಾಗಿಲಿನ ರಬ್ಬರು ನೋಡಿದ್ದೇನೆ, ಗಟ್ಟಿ ಇದೆ.